‘ನಾಯ್ಸ್’: ಗದ್ದಲವೋ, ಕದಡೋ?

ಪ್ರಶ್ನೆ (ಪುಣೆ, ಪಾಷಾಣ)

ಇಲ್ಲಿನ ಕನ್ನಡ ಬಲ್ಲ ಬಿ.ಎಸ್ಸಿ. ವಿದ್ಯಾರ್ಥಿಗಳಿಗಾಗಿ, ಕ್ವಾಂಟಂ ಕಂಪ್ಯೂಟರಿನಲ್ಲಿ ಸ್ಪಿನ್ ಸರಪಳಿಯ (ಸಾಲಾಗಿ ನಿಂತ ಪುಟ್ಟ ಕ್ವಾಂಟಂ ಆಯಸ್ಕಾಂತಗಳ) ಸಿಮ್ಯುಲೇಶನ್ ಕುರಿತು ಟಿಪ್ಪಣಿ ಸಿದ್ಧವಾಗುತ್ತಿದೆ. ಯಂತ್ರದ ಲೆಕ್ಕ ಕೆಡಿಸುವ ‘ನಾಯ್ಸ್’ಗೆ ‘ಗದ್ದಲ’ ಎಂದು ಬರೆದಾಗಿದೆ. ಆದರೆ ‘ಗದ್ದಲದ ಕಂಪ್ಯೂಟರ್’ ಅಂದರೆ ಫ್ಯಾನಿನ ಸದ್ದು ಜೋರಿರುವ ಯಂತ್ರ ಎಂದು ಓದುಗರು ತಿಳಿದಾರು. ಮರಾಠಿಯ ‘ಗೋಂಗಾಟ’ದ ಪಾಡೂ ಅದೇ. ‘ಎರರ್ ಮಿಟಿಗೇಶನ್’, ‘ಎರರ್ ಕರೆಕ್ಷನ್’ ಎರಡಕ್ಕೂ ‘ದೋಷ ನಿವಾರಣೆ’ ಎಂದಿದೆ, ನಡೆಯುತ್ತದೆಯೇ? ‘ಸ್ಪಿನ್’ಗೆ ‘ಗಿರಕಿ’ ಆಗಬಹುದೇ?

ಉತ್ತರ (ಮುಂಬೈ, ಮಾಟುಂಗಾ)

ಗದ್ದಲ ಬೇಡ. ರೇಡಿಯೊ, ಟೆಲಿಫೋನಿಗೆ ಆ ಪದ ಒಪ್ಪುತ್ತದೆ: ಬೇರೆ ಸದ್ದು ಹೊರಗಿಂದ ಬಂದು ಸೇರಿದರೂ ಅದರಡಿ ಮಾತು ಹಾಗೇ ಉಳಿದಿರುತ್ತದೆ. ಕ್ಯೂಬಿಟ್ಟಿನಲ್ಲಿ (ಕ್ವಾಂಟಂ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕ) ಸ್ಥಿತಿಯೇ ಕೆಡುತ್ತದೆ. ಅದಕ್ಕೆ ‘ಕದಡು’ ಸರಿ. ಕದಡುತ್ತದೆ, ಕದಡಿದ, ಕದಡು ಹೆಚ್ಚಿತು: ನಾಮಪದ, ಕ್ರಿಯಾಪದ ಎರಡೂ ಒಂದೇ ಬೇರಿನಿಂದ ಸಿಗುತ್ತವೆ. ಪುಣೆಯಲ್ಲಿರುವ ಧಾರವಾಡದ ಕಡೆಯವರು ‘ರಾಡಿ ನೀರು’ ಅನ್ನುತ್ತಾರೆ, ನೆರೆಮನೆಯ ಮರಾಠಿಯಲ್ಲಿ ಅದು ‘ಗಢೂಳ ಪಾಣಿ’. ಮಳೆಗಾಲದ ನಲ್ಲಿ ನೀರು ಹಿಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ರಾಡಿ ನನಗೂ ಇಷ್ಟ, ಆದರೆ ಕ್ರಿಯಾಪದಕ್ಕೆ ‘ರಾಡಿಯಾಗು’ ಎಂದು ಸುತ್ತಿ ಬರಬೇಕಾಗುತ್ತದೆ.

ವಾಕ್ಯದಲ್ಲಿಟ್ಟು ನೋಡಿ. 10 ಸ್ಪಿನ್ನುಗಳ ಐಸಿಂಗ್ ಸರಪಳಿ (ಪ್ರತಿ ಸ್ಪಿನ್ನೂ ಪಕ್ಕದವುಗಳೊಡನೆ ಮಾತ್ರ ಬೆಸೆದ ಮಾದರಿ), ಜೊತೆಗೆ ಅಡ್ಡ ಕಾಂತಕ್ಷೇತ್ರ; ಸ್ಪಿನ್ನಿಗೊಂದು ಕ್ಯೂಬಿಟ್ಟು. ಟ್ರಾಟರ್ ವಿಧಾನದಲ್ಲಿ ಕಾಲವನ್ನು ಚೂರುಚೂರು ಮಾಡುತ್ತೇವೆ. ಪ್ರತಿ ಹೆಜ್ಜೆಯಲ್ಲಿ ಮೊದಲು ಅಕ್ಕಪಕ್ಕದ ಜೋಡಿಗಳಿಗೆ ಜೆಡ್-ಜೆಡ್ ಗೇಟು (ಗೇಟೆಂದರೆ ಸ್ಥಿತಿ ಬದಲಿಸುವ ಒಂದು ಕ್ರಿಯೆ), ಆಮೇಲೆ ಒಂದೊಂದು ಕ್ಯೂಬಿಟ್ಟಿಗೂ ಎಕ್ಸ್ ಅಕ್ಷದ ಸುತ್ತ ತಿರುವು. ಜೋಡಿಗಳು 9, ಜೋಡಿಗೆ 2 ಸಿ-ನಾಟ್ (ಎರಡು ಕ್ಯೂಬಿಟ್ಟುಗಳ ಮೂಲ ಗೇಟು). ಹೆಜ್ಜೆಗೆ 18, ಹತ್ತು ಹೆಜ್ಜೆಗೆ 180. ಸಿ-ನಾಟ್ ಒಂದಕ್ಕೆ 1% ತಪ್ಪು ಎಂದಿಟ್ಟುಕೊಂಡರೂ ಓಟವೊಂದು ತಪ್ಪಿಲ್ಲದೆ ಮುಗಿಯುವ ಸಂಭವ ಸುಮಾರು 16% ಮಾತ್ರ. ಹೆಜ್ಜೆ ಸಣ್ಣದಾಗಿಸಿದಷ್ಟೂ ಟ್ರಾಟರ್ ತಪ್ಪು ಇಳಿಯುತ್ತದೆ, ಗೇಟುಗಳು ಹೆಚ್ಚಿ ಕದಡು ಏರುತ್ತದೆ. ಎರಡನ್ನೂ ‘ದೋಷ’ ಎಂದುಬಿಟ್ಟರೆ ಈ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಮೊದಲನೆಯದು ನಮ್ಮ ಅಂದಾಜಿನ ತಪ್ಪು, ಎರಡನೆಯದು ಯಂತ್ರದ್ದು.

ಯಂತ್ರದ ತಪ್ಪೆಲ್ಲ ಕದಡಲ್ಲ ಎಂಬುದನ್ನೂ ಟಿಪ್ಪಣಿಯಲ್ಲಿ ಹೇಳಿ. ಗೇಟು ನಡೆಸುವ ಪಲ್ಸಿನ ಅಳತೆ ತಪ್ಪಿ 0.20 ರೇಡಿಯನ್ ತಿರುಗಬೇಕಾದ್ದು ಪ್ರತಿ ಸಲ 0.21 ತಿರುಗಿದರೆ ಅದು ‘ವಾರೆ’. ಅದು ಒಂದೇ ಕಡೆಗೆ ಕೂಡಿಕೊಳ್ಳುತ್ತಾ ಹೋಗುತ್ತದೆ, ಶಾಟ್ (ಅದೇ ಲೆಕ್ಕದ ಮರು ಓಟ) ಎಷ್ಟೇ ಹೆಚ್ಚಿಸಿದರೂ ಸರಾಸರಿಯಲ್ಲಿ ಕರಗುವುದಿಲ್ಲ.

ಇನ್ನು ‘ನಿವಾರಣೆ’. ಇದನ್ನು ಖಂಡಿತ ಬದಲಿಸಿ. ಕರೆಕ್ಷನ್ ಅಂದರೆ ತಿದ್ದುವುದು: ಹಲವು ಕ್ಯೂಬಿಟ್ಟುಗಳನ್ನು ಕೂಡಿಸಿ ಒಂದು ತಾರ್ಕಿಕ ಕ್ಯೂಬಿಟ್ಟು ಕಟ್ಟಿ, ಲೆಕ್ಕ ನಡೆಯುತ್ತಿರುವಾಗಲೇ ತಪ್ಪು ಹಿಡಿಯಬೇಕು. ಮಿಟಿಗೇಶನ್ ಅಂದರೆ ತಗ್ಗಿಸುವುದು: ಒಂದೊಂದು ಓಟವೂ ಕದಡಿಯೇ ಇರುತ್ತದೆ, ಸರಿಪಡಿಸುವುದು ಸರಾಸರಿಯನ್ನು. ಒಂದು ಬಗೆ ಹೀಗೆ: ಪ್ರತಿ ಸಿ-ನಾಟ್ ಜಾಗದಲ್ಲಿ ಮೂರು, ಆಮೇಲೆ ಐದು ಇಟ್ಟು, ಲೆಕ್ಕ ಬದಲಿಸದೆ, ಬೇಕೆಂದೇ ಕದಡು ಹೆಚ್ಚಿಸುತ್ತಾರೆ. ಒಂದು, ಮೂರು, ಐದು ಸಿ-ನಾಟ್ ಇಟ್ಟಾಗ ಕಾಂತತ್ವ ಕ್ರಮವಾಗಿ 0.64, 0.41, 0.26 ಬಂತೆನ್ನಿ. ಮೊದಲೆರಡಕ್ಕೆ ಸರಳರೇಖೆ ಎಳೆದು ಸೊನ್ನೆ ಕದಡಿಗೆ ಹಿಂದೆ ಬಂದರೆ ಸುಮಾರು 0.76, ಘಾತೀಯ ವಕ್ರರೇಖೆ ಹೊಂದಿಸಿದರೆ 0.80. ಯಾವ ರೇಖೆ ಎಂಬುದರ ಮೇಲೆ ಉತ್ತರ ಇಷ್ಟು ಬದಲಾಗುವಾಗ ಅದನ್ನು ‘ನಿವಾರಣೆ’ ಅನ್ನಲಾದೀತೇ? ಇನ್ನೊಂದು: ಮೂರೂ ಓಟಗಳಲ್ಲಿ ಒಂದೇ ಅಂಕಿ ಬಂದರೆ ಮೊದಲು ಕಂಪೈಲರನ್ನು (ಗೇಟುಗಳ ಪಟ್ಟಿಯನ್ನು ಯಂತ್ರಕ್ಕೆ ಹೊಂದಿಸುವ ತಂತ್ರಾಂಶ) ನೋಡಿ. ಪಕ್ಕಪಕ್ಕದ ಎರಡು ಸಿ-ನಾಟ್ ಒಂದನ್ನೊಂದು ರದ್ದುಮಾಡುತ್ತವೆಂದು ಅದು ಅಳಿಸಿಬಿಟ್ಟಿರುತ್ತದೆ. ನಡುವೆ ‘ಬ್ಯಾರಿಯರ್’, ಅಂದರೆ ಹಾಗೆ ಅಳಿಸದಂತೆ ತಡೆಯುವ ಗುರುತು, ಹಾಕಬೇಕು.

2023ರಲ್ಲಿ ಐಬಿಎಂನ 127 ಕ್ಯೂಬಿಟ್ಟುಗಳ ಯಂತ್ರದಲ್ಲಿ 2,880 ಸಿ-ನಾಟ್‌ಗಳವರೆಗೆ ಐಸಿಂಗ್ ಮಾದರಿ ಓಡಿಸಿದಾಗಲೂ ನಡೆದದ್ದು ತಗ್ಗಿಸುವಿಕೆಯೇ, ತಿದ್ದುವಿಕೆಯಲ್ಲ.

ಗಿರಕಿ ಕಿವಿಗೆ ಇಂಪಾದರೂ ಬೇಡ. ಬುಗುರಿ ಹೊಡೆದ ಗಿರಕಿ 360 ಡಿಗ್ರಿಗೆ ಮೊದಲಿನಂತಾಗುತ್ತದೆ. ಸ್ಪಿನ್ನಿನ ಬೆಲೆ ಅರ್ಧ ಇರುವ ಕಣದ ಸ್ಥಿತಿಗೆ ಆಗ ಪ್ಲಸ್-ಮೈನಸ್ ಚಿಹ್ನೆ ತಿರುಗಿರುತ್ತದೆ, ಮೊದಲಿನಂತಾಗಲು 720 ಬೇಕು. ಸ್ಪಿನ್ನು, ಸ್ಪಿನ್ನಿನ, ಸ್ಪಿನ್ನಿಗೆ ಎಂದು ಕನ್ನಡದ ವಿಭಕ್ತಿ ಹಚ್ಚಿದರೆ ಸಾಕು.