ಆ ಕತ್ತಿ ರಬ್ಬರಿನದು ಅಂತ ಬರೆಯಲೇಬೇಕಿತ್ತಾ?

ಮೂರನೇಸಾಲು:
ಕಳೆದ ಭಾನುವಾರ ಫ್ಯಾಂಟಸಿ ಸಿನಿಮಾಗಳ ಪ್ರಾಪ್ (ನಟರು ಬಳಸುವ ಸಾಮಾನು) ಮತ್ತು ಕಾಸ್ಟ್ಯೂಮ್‌ಗಳ ಪ್ರದರ್ಶನಕ್ಕೆ ಹೋಗಿದ್ದೆ. ಒಂದು ಮ್ಯೂಸಿಯಂನ ಎರಡು ಹಾಲ್‌ಗಳಲ್ಲಿ ಹಾಕಿದ್ದಾರೆ. ಹನ್ನೊಂದನೇ ವಯಸ್ಸಿನಲ್ಲಿ ಅಣ್ಣನ ಪಕ್ಕ ಕೂತು ನೋಡಿದ ಒಂದು ಸಿನಿಮಾದ ರಾಜನ ಕತ್ತಿ ಅಲ್ಲಿತ್ತು. ಅದನ್ನು ನೋಡಲೆಂದೇ ಹೋದದ್ದು. ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಕೆಳಗಿನ ಚೀಟಿ ಓದಿದೆ. "ಸಾಹಸ ದೃಶ್ಯಗಳಿಗೆ ಬಳಸಿದ ಕತ್ತಿ. ರಬ್ಬರ್, ಬಣ್ಣ." ಅಷ್ಟೇ.

ಆ ನಾಲ್ಕೈದು ಪದ ಓದಿದ ಮೇಲೆ ಕತ್ತಿ ಕತ್ತಿಯಾಗಿ ಕಾಣಲೇ ಇಲ್ಲ. ಅಂಚಿನಲ್ಲಿ ಬಣ್ಣ ಎದ್ದಿದ್ದು ಕಂಡಿತು. ಹಿಡಿಯ ಹತ್ತಿರ ಒಂದು ಸೀಳು ಕಂಡಿತು. ಪಕ್ಕದಲ್ಲಿ ರಾಣಿಯ ಉಡುಗೆ ಇತ್ತು, ತಲೆಯಿಲ್ಲದ ಬೊಂಬೆಗೆ ತೊಡಿಸಿದ್ದರು. ಹಾಲ್ ತುಂಬಾ ಕತ್ತಲೆ. ಕಸೂತಿ ಸರಿಯಾಗಿ ಕಾಣಲು ಮೂಗು ಗಾಜಿಗೆ ತಾಗಿಸಬೇಕಾಯಿತು. ಹೊರಗೆ ಬಂದಾಗ ಏನನ್ನೋ ಕಳೆದುಕೊಂಡ ಹಾಗಿತ್ತು.

ಸಿನಿಮಾ ಸುಳ್ಳು ಅಂತ ನನಗೂ ಗೊತ್ತು. ಆದರೆ ಆ ಸುಳ್ಳನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಅದು ರಬ್ಬರ್ ಅಂತ ಹೇಳಲೇಬೇಕಿತ್ತಾ? ನಿಮಗೆ ಏನನ್ನಿಸುತ್ತದೆ?

ಸೂಜಿದಾರ:
ಹೇಳಲೇಬೇಕಿತ್ತು. ಇನ್ನೂ ಜಾಸ್ತಿ ಹೇಳಬೇಕಿತ್ತು.

ನಾನು ನಾಟಕಗಳಿಗೆ ಉಡುಗೆ ಹೊಲಿಯುವವಳು, ಹದಿನಾಲ್ಕು ವರ್ಷದಿಂದ. ಸಿನಿಮಾದಲ್ಲಿ ಒಂದು ಕತ್ತಿ ಅಂದರೆ ಒಂದೇ ಕತ್ತಿ ಅಲ್ಲ. ಹತ್ತಿರದ ಶಾಟ್‌ಗೆ ಒಂದು ಒಳ್ಳೆಯ ಉಕ್ಕಿನ ಕತ್ತಿ ಇರುತ್ತದೆ, ಅದನ್ನು ಆ ಕೆಲಸದವರು 'ಹೀರೋ' ಅನ್ನುತ್ತಾರೆ. ಹೊಡೆದಾಟಕ್ಕೆ ಹಗುರವಾದದ್ದು. ಬೀಳುವಾಗ, ಕುದುರೆ ಮೇಲೆ ಓಡುವಾಗ, ಹತ್ತಾರು ಜನರ ಮಧ್ಯೆ ನುಗ್ಗುವಾಗ ರಬ್ಬರಿನದು. ಯಾಕೆ ಅಂದರೆ ಎದುರಿಗೆ ನಿಂತವನಿಗೂ ಕಣ್ಣು ಇದೆ, ಕೈ ಇದೆ. ನೀವು ನೋಡಿದ ಆ ಸೀಳು ಸುಮ್ನೆ ಆದದ್ದಲ್ಲ. ಆ ಕತ್ತಿಯಿಂದ ಯಾರೋ ಯಾರಿಗೋ ನಿಜವಾಗಿಯೇ ಹೊಡೆದಿದ್ದಾರೆ, ಹೊಡೆಸಿಕೊಂಡವರು ಎದ್ದು ಮತ್ತೆ ಟೇಕ್‌ಗೆ ನಿಂತಿದ್ದಾರೆ. ಉಕ್ಕಿನದನ್ನು ಇಟ್ಟಿದ್ದರೆ ಅದು ನಾಲ್ಕು ಕ್ಲೋಸಪ್‌ನಲ್ಲಿ ಮಾತ್ರ ಬಂದಿರುತ್ತಿತ್ತು. ನೀವು ಹನ್ನೊಂದನೇ ವಯಸ್ಸಿನಲ್ಲಿ ಉಸಿರು ಬಿಗಿಹಿಡಿದು ನೋಡಿದ ಯುದ್ಧದಲ್ಲಿ ಇದ್ದದ್ದು ಈ ರಬ್ಬರೇ.

'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾಗಳಿಗೆ ನ್ಯೂಜಿಲೆಂಡಿನ ವೇಟಾ ವರ್ಕ್‌ಶಾಪ್‌ನವರು ಮಾಡಿದ ಸರಪಳಿ ಕವಚಗಳನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್. ಪೈಪನ್ನು ಸಣ್ಣ ಸಣ್ಣ ಬಳೆಗಳಾಗಿ ಕತ್ತರಿಸಿ, ಒಂದೊಂದನ್ನೇ ಕೈಯಿಂದ ಸೇರಿಸಿ, ಮೇಲೆ ಲೋಹದ ಬಣ್ಣ ಕೊಟ್ಟರು. ಒಂದು ಕೋಟಿಗೂ ಹೆಚ್ಚು ಬಳೆ. ಆ ಕೆಲಸಕ್ಕೆ ಕೂತವರ ಬೆರಳಚ್ಚೇ ಸವೆದುಹೋಗಿತ್ತು ಅಂತ ಅಲ್ಲಿನವರು ಹೇಳಿಕೊಂಡಿದ್ದಾರೆ. ಇದನ್ನು ತಿಳಿದ ಮೇಲೆ ಆ ಕವಚ ನನಗೆ ಉಕ್ಕಿಗಿಂತ ದೊಡ್ಡದಾಗಿ ಕಂಡಿತು. "ಪ್ಲಾಸ್ಟಿಕ್ ಅಷ್ಟೇ" ಅಂತ ಅನ್ನಿಸಲೇ ಇಲ್ಲ.

ಮೂರನೇಸಾಲು:
ನಿಮ್ಮ ಮಾತು ಓದಿದಾಗ ಮನಸ್ಸಿಗೆ ತಟ್ಟುತ್ತದೆ. ಆದರೆ ಆ ಚೀಟಿಯಲ್ಲಿ ಇದ್ಯಾವುದೂ ಇರಲಿಲ್ಲ. ರಬ್ಬರ್, ಬಣ್ಣ, ಅಷ್ಟೇ ಇತ್ತು. ನೀವು ಹೇಳಿದ್ದನ್ನು ಅಲ್ಲೇ ಬರೆದಿದ್ದರೆ ನಾನು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲವೇನೋ.

ನೇರನುಡಿ:
ಚೀಟಿ ಇತ್ತಲ್ಲ, ಅದಕ್ಕೇ ಸಂತೋಷಪಡಿ. ಕೆಲವು ವರ್ಷಗಳ ಹಿಂದೆ ನಾನು ಇಂಥದ್ದೇ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಒಂದು ಕಿರೀಟದ ಮುಂದೆ ಇಪ್ಪತ್ತು ನಿಮಿಷ ನಿಂತೆ. ಪುಸ್ತಕದಲ್ಲಿ ಅದರ ಚಿತ್ರ ಬರೆದುಕೊಂಡೆ. ಹೊರಗೆ ಬರುವಾಗ ಬಾಗಿಲಲ್ಲಿದ್ದ ಕಾವಲುಗಾರ ಹೇಳಿದ, ಅದು ಪ್ರದರ್ಶನಕ್ಕೆಂದೇ ಹೊಸದಾಗಿ ಮಾಡಿಸಿದ ನಕಲು, ಕ್ಯಾಮೆರಾ ಮುಂದೆ ಬಂದದ್ದೇ ಅಲ್ಲ ಅಂತ. ಎಲ್ಲೂ ಬರೆದಿರಲಿಲ್ಲ. ನನಗೆ ಆ ದಿನ ಆದ ನೋವು ನಿಮ್ಮ ರಬ್ಬರ್ ಕತ್ತಿಯ ನೋವಿಗಿಂತ ಬೇರೆ. ನಿಮಗೆ ನಿಜ ಹೇಳಿದರು. ನನಗೆ ಹೇಳಲಿಲ್ಲ.

ಇನ್ನೊಂದು ಮಾತು. ಇಂಥ ಪ್ರದರ್ಶನಗಳಲ್ಲಿ ಎಷ್ಟೋ ಕಡೆ ಸ್ಟುಡಿಯೋದ್ದೇ ಸಾಮಾನು, ಸ್ಟುಡಿಯೋದ್ದೇ ಬರಹ, ಕೊನೆಗೆ ಸ್ಟುಡಿಯೋದ್ದೇ ಅಂಗಡಿ. ಮ್ಯೂಸಿಯಂ ಬರೀ ಜಾಗ ಕೊಡುತ್ತದೆ. ಹಾಗಿದ್ದರೆ ಅದಕ್ಕೆ ಮ್ಯೂಸಿಯಂ ಯಾಕೆ ಬೇಕು? ಮ್ಯೂಸಿಯಂ ಅಂದರೆ ಇದು ಏನು, ಎಲ್ಲಿಂದ ಬಂತು, ಎಷ್ಟು ಅಸಲು, ಎಷ್ಟು ರಿಪೇರಿ ಅಂತ ಕೇಳಿ ಹೇಳುವ ಜಾಗ. ಅದನ್ನು ಮಾಡದಿದ್ದರೆ ಅದು ಜಾಹೀರಾತು.

ಬೆಳಕುಕೋಣೆ:
ನಾನು ಒಂದು ಮ್ಯೂಸಿಯಂನ ಸಂರಕ್ಷಣಾ ವಿಭಾಗದಲ್ಲಿ ಕೆಲಸ ಮಾಡಿದವನು, ಮುಖ್ಯವಾಗಿ ಬಟ್ಟೆಗಳ ಮೇಲೆ. ಮೊದಲು ಕತ್ತಲೆಯ ಬಗ್ಗೆ ಹೇಳುತ್ತೇನೆ. ಎಲ್ಲರೂ ಬೈಯುವುದು ಅದನ್ನೇ.

ಬಟ್ಟೆಗೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕನ್ನು ಅಳೆಯುವ ಮಾನ) ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಮ್ಯೂಸಿಯಂಗಳ ಸಾಮಾನ್ಯ ನಿಯಮ. ಓದುವ ಮೇಜಿಗೆ ಬೇಕಾದ ಬೆಳಕಿನ ಹತ್ತನೇ ಒಂದು ಭಾಗ ಅಂದುಕೊಳ್ಳಿ. ಬೆಳಕಿನಿಂದ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಕತ್ತಲಲ್ಲಿಟ್ಟು ವಿಶ್ರಾಂತಿ ಕೊಟ್ಟರೂ ಆದ ಹಾನಿ ಹಿಂದಕ್ಕೆ ಹೋಗುವುದಿಲ್ಲ, ಸೇರುತ್ತಲೇ ಇರುತ್ತದೆ. ಅದರಲ್ಲೂ ಸಿನಿಮಾ ಉಡುಗೆಗಳನ್ನು ಮಾಡಿದ್ದು ಕೆಲವು ತಿಂಗಳ ಚಿತ್ರೀಕರಣಕ್ಕೆ. ನೂರು ವರ್ಷ ಬಾಳಲಿ ಅಂತ ಯಾರೂ ಹೊಲಿದಿಲ್ಲ. ಅಂಟು, ಸ್ಪ್ರೇ ಬಣ್ಣ, ಫೋಮ್, ಕೈಗೆ ಸಿಕ್ಕಿದ್ದೆಲ್ಲ ಹಾಕಿರುತ್ತಾರೆ. ಫೋಮ್ ಲೇಟೆಕ್ಸ್‌ನಲ್ಲಿ (ಸ್ಪಂಜಿನಂಥ ಮೆತ್ತನೆಯ ರಬ್ಬರಿನಲ್ಲಿ) ಮಾಡಿದ ರಾಕ್ಷಸನ ಮುಖ ವರ್ಷ ಕಳೆದಂತೆ ಗಟ್ಟಿಯಾಗಿ, ಬಿರುಕು ಬಿಟ್ಟು, ಪುಡಿಯಾಗುತ್ತದೆ. ಅದನ್ನು ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಕೆಲವು ಸಲ ನಕಲು ಇಡಲೇಬೇಕಾಗುತ್ತದೆ. ಆದರೆ ನೇರನುಡಿ ಅವರೇ, ಅದನ್ನು ಬರೆಯದೆ ಇಡುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಈಗ ಕತ್ತಿಯ ವಿಷಯ. ನನಗೆ ನೆನಪಾಗುವುದು 1939ರ 'ವಿಜರ್ಡ್ ಆಫ್ ಆಝ್' ಸಿನಿಮಾದ ಕೆಂಪು ಚಪ್ಪಲಿಗಳು, ಅಂದರೆ ಚಮಕಿ ಹೊಲಿದ ಹಿಮ್ಮಡಿ ಶೂಗಳು. ಮೂಲ ಪುಸ್ತಕದಲ್ಲಿ ಅವು ಬೆಳ್ಳಿಯವು. ಟೆಕ್ನಿಕಲರ್‌ನಲ್ಲಿ (ಆಗಿನ ಬಣ್ಣದ ಸಿನಿಮಾ ತಂತ್ರ) ಚೆನ್ನಾಗಿ ಕಾಣಲಿ ಅಂತ ಕೆಂಪು ಮಾಡಿದರು. ಒಂದು ಜೊತೆ 1979ರಿಂದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಅದರ ಅಡಿಗೆ ಫೆಲ್ಟ್ ಬಟ್ಟೆ ಅಂಟಿಸಿದೆ, ಕುಣಿಯುವಾಗ ಸದ್ದು ಬರದಿರಲಿ ಅಂತ. 2016ರಲ್ಲಿ ಅವುಗಳ ಆರೈಕೆಗೆ ಮ್ಯೂಸಿಯಂ ಜನರ ಹತ್ತಿರ ಹಣ ಕೇಳಿತು, ಮೂರು ಲಕ್ಷ ಡಾಲರ್‌ಗೂ ಹೆಚ್ಚು ಬಂತು. ಚಮಕಿಗಳನ್ನು ಒಂದೊಂದಾಗಿ ಸಣ್ಣ ಕುಂಚದಿಂದ ಒರೆಸಿದರು.

ಆ ಎಡ ಬಲ ಶೂಗಳು ಒಂದೇ ಜೊತೆಯವಲ್ಲ. ಮೇಲಿನ ರಿಬ್ಬನ್ ಗಂಟುಗಳ ಆಕಾರವೇ ಬೇರೆ ಬೇರೆ. ಇನ್ನೊಂದು ಜೊತೆ 2005ರಲ್ಲಿ ಮಿನ್ನೆಸೋಟದ ಒಂದು ಮ್ಯೂಸಿಯಂನಿಂದ ಕಳುವಾಗಿತ್ತು. 2018ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಅದನ್ನು ಹಿಡಿದು, ಅಸಲಿಯೋ ಅಲ್ಲವೋ ನೋಡಿ ಅಂತ ಸ್ಮಿತ್ಸೋನಿಯನ್‌ಗೆ ತಂದಿತು. ನಾಲ್ಕನ್ನೂ ಒಂದೇ ಮೇಜಿನ ಮೇಲೆ ಇಟ್ಟಾಗ ಗೊತ್ತಾಯಿತು, ಇದರ ಎಡ ಅದರ ಬಲಕ್ಕೆ ಸೇರಿದ್ದು. ಎಂದೋ ಅದಲುಬದಲಾಗಿದ್ದವು. ಈ ಕಥೆ ಸಿಕ್ಕಿದ್ದು ಚಮಕಿ, ಫೆಲ್ಟ್, ಅಂಟು ಅಂತ ಕೂತು ನೋಡಿದವರಿಗೆ. ದೂರದಿಂದ "ಆಹಾ ಮಾಯೆ" ಅಂದಿದ್ದರೆ ಸಿಗುತ್ತಿರಲಿಲ್ಲ.

ಗೊಂಬೆಮನೆ:
ನಾನು ಮೂರನೇಸಾಲು ಅವರ ಕಡೆಗೇ ಸ್ವಲ್ಪ ವಾಲುತ್ತೇನೆ. ಆದರೆ ಕಾರಣ ಬೇರೆ.

ನನ್ನ ಎಂಟು ವರ್ಷದ ಮಗಳನ್ನು ಇಂಥದ್ದೇ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಂದೇ ಕೋಟು ಎರಡು ಅಳತೆಯಲ್ಲಿತ್ತು. ಅದೇ ಗುಂಡಿ, ಅದೇ ಹೊಲಿಗೆ, ಒಂದು ದೊಡ್ಡದು, ಒಂದು ಪುಟ್ಟದು. ಪುಟ್ಟ ಜನರ ಪಾತ್ರಗಳಿಗೆ ಹೀಗೆ ಮಾಡುತ್ತಾರೆ. ನಟ ಒಂದನ್ನು ತೊಟ್ಟರೆ, ದೂರದಿಂದ ತೋರಿಸುವಾಗ ಅವನ ಬದಲಿಗೆ ನಿಲ್ಲುವ ಕುಳ್ಳನೆಯ ವ್ಯಕ್ತಿ ಇನ್ನೊಂದನ್ನು ತೊಡುತ್ತಾನೆ. ಸೂಜಿದಾರ ಅವರು ಹೇಳಿದ ಸಿನಿಮಾಗಳಲ್ಲಿ ಮನೆಯ ಸೆಟ್ಟನ್ನೇ ಎರಡು ಅಳತೆಯಲ್ಲಿ ಕಟ್ಟಿದ್ದರು. ಇದನ್ನು ಹೇಳಿದಾಗ ಅವಳು ಕುಣಿದಳು. ಮನೆಗೆ ಬಂದು ಎಲ್ಲ ಸಾಮಾನನ್ನೂ ದೊಡ್ಡದು ಚಿಕ್ಕದು ಅಂತ ಜೋಡಿಸತೊಡಗಿದಳು.

ಅದೇ ಮಗು ಮುಂದಿನ ಕೋಣೆಯಲ್ಲಿ ಒಂದು ಗೊಂಬೆಯ ಮುಂದೆ ಅತ್ತಳು. ಸಿನಿಮಾದಲ್ಲಿ ಅವಳಿಗೆ ತುಂಬಾ ಇಷ್ಟವಾದ ಪ್ರಾಣಿ ಅದು. ಗಾಜಿನೊಳಗೆ ಅಲುಗಾಡದೆ ಕೂತಿತ್ತು. "ಇದು ಸತ್ತುಹೋಗಿದೆಯಾ ಅಪ್ಪ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗುಟ್ಟು ಗೊತ್ತಾದದ್ದಕ್ಕೆ ಅವಳು ಅಳಲಿಲ್ಲ. ಜೀವ ಕಾಣದ್ದಕ್ಕೆ ಅತ್ತಳು. ಮೂರನೇಸಾಲು ಅವರಿಗೂ ಆದದ್ದು ಇದೇ ಇರಬಹುದಾ? ಕತ್ತಿ ರಬ್ಬರ್ ಅನ್ನುವುದಕ್ಕಿಂತ, ಅದನ್ನು ಹಿಡಿದ ಕೈ ಅಲ್ಲಿ ಇಲ್ಲ ಅನ್ನುವುದು.

ಮೂರನೇಸಾಲು:
ಗೊಂಬೆಮನೆ ಅವರೇ, ಇದನ್ನು ಎರಡು ಸಲ ಓದಿದೆ. ತಲೆಯಿಲ್ಲದ ಆ ರಾಣಿಯ ಬೊಂಬೆ ನನ್ನನ್ನು ಯಾಕೆ ಅಷ್ಟು ಕಾಡಿತು ಅಂತ ಈಗ ಅರ್ಥವಾಗುತ್ತಿದೆ.

ಬೆಳಕುಕೋಣೆ:
ಇದಕ್ಕೆ ದಾರಿ ಇದೆ. 2012ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಹಾಲಿವುಡ್ ಉಡುಗೆಗಳ ದೊಡ್ಡ ಪ್ರದರ್ಶನ ನಡೆಯಿತು. ಅದನ್ನು ರೂಪಿಸಿದವರು ಡೆಬೊರಾ ನಡೂಲ್ಮನ್ ಲ್ಯಾಂಡಿಸ್, ತಾವೇ ಕಾಸ್ಟ್ಯೂಮ್ ಡಿಸೈನರ್. ಬೊಂಬೆಗಳ ಕತ್ತಿನ ಮೇಲೆ ಸಣ್ಣ ಪರದೆ ಇಟ್ಟು, ಅದರಲ್ಲಿ ಆ ನಟರ ಮುಖ ಅಲುಗಾಡುವಂತೆ ಮಾಡಿದ್ದರು. ಉಡುಗೆ ಅಂದರೆ ಬರೀ ಬಟ್ಟೆಯಲ್ಲ, ಅದರೊಳಗೆ ಒಬ್ಬ ಮನುಷ್ಯ ಇದ್ದ ಅಂತ ಅಲ್ಲಿ ಗೊತ್ತಾಗುತ್ತಿತ್ತು.

ನೇರನುಡಿ:
ಪರದೆ ನನಗೆ ಇಷ್ಟವಿಲ್ಲ. ಪರದೆ ಇದ್ದರೆ ಜನ ಅದನ್ನೇ ನೋಡುತ್ತಾರೆ, ಬಟ್ಟೆ ನೋಡುವುದಿಲ್ಲ. ಸಿನಿಮಾ ಮನೆಯಲ್ಲೇ ಸಿಗುತ್ತದೆ. ಹೊಲಿಗೆ ಅಲ್ಲಿ ಮಾತ್ರ ಸಿಗುತ್ತದೆ.

ಗೊಂಬೆಮನೆ:
ಎಲ್ಲದಕ್ಕೂ ಬೇಡ ಸರ್. ಆದರೆ ಅಲುಗಾಡಲೆಂದೇ ಹುಟ್ಟಿದ ವಸ್ತುವಿಗೆ ಬೇಕು. ಸಿನಿಮಾಗಳಲ್ಲಿ ಗೊಂಬೆಗಳಿಗೆ ಚಲನೆ ಕೊಟ್ಟ ರೇ ಹ್ಯಾರಿಹೌಸನ್ ಅವರ ಅಸ್ಥಿಪಂಜರಗಳನ್ನೇ ನೋಡಿ. 1963ರ 'ಜೇಸನ್ ಅಂಡ್ ದಿ ಆರ್ಗೊನಾಟ್ಸ್' ಸಿನಿಮಾದಲ್ಲಿ ಏಳು ಅಸ್ಥಿಪಂಜರಗಳು ಕತ್ತಿ ಹಿಡಿದು ಬರುತ್ತವೆ. ಅವು ಗೇಣುದ್ದದ ಗೊಂಬೆಗಳು. ಒಳಗೆ ಲೋಹದ ಕೀಲುಗಳು. ಒಂದೊಂದು ಫ್ರೇಮಿಗೂ ಕೈಯಿಂದ ಒಂದಿಷ್ಟೇ ಸರಿಸಿ ಚಿತ್ರ ತೆಗೆದರು. ಕೆಲವೇ ನಿಮಿಷಗಳ ಆ ಕಾದಾಟಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಹಿಡಿಯಿತು. 2020ರಲ್ಲಿ ಎಡಿನ್‌ಬರೋದಲ್ಲಿ ಅವರ ಗೊಂಬೆಗಳ ದೊಡ್ಡ ಪ್ರದರ್ಶನವಾಯಿತು. ಆ ಗೇಣುದ್ದದ ಗೊಂಬೆಯನ್ನು ಬರೀ ನಿಲ್ಲಿಸಿದರೆ ಆಟಿಕೆ. ಪಕ್ಕದಲ್ಲೇ ಆ ಕಾದಾಟ ಓಡುತ್ತಿದ್ದರೆ ನಾಲ್ಕು ತಿಂಗಳು ಒಬ್ಬನೇ ಕೂತ ಮನುಷ್ಯ ಕಾಣುತ್ತಾನೆ.

ನೇರನುಡಿ:
ಇದನ್ನು ಒಪ್ಪುತ್ತೇನೆ. ಗೊಂಬೆಗೆ ಸರಿ. ಉಡುಗೆಗೆ ಬೇಡ ಅಂತಲೇ ನನ್ನ ಮಾತು.

ಸೂಜಿದಾರ:
ಉಡುಗೆಯ ಬಗ್ಗೆ ನಾನೂ ನೇರನುಡಿ ಅವರ ಜೊತೆ. ಅದು ಬೊಂಬೆಯ ಮೇಲಿದ್ದರೂ ಮಾತಾಡುತ್ತದೆ, ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು ಅಷ್ಟೇ. ಕಂಕುಳ ನೋಡಿ. ತೋಳಿನ ಅಂಚು ನೋಡಿ. ಹೊಸ ಬಟ್ಟೆಯನ್ನು ಹಳೆಯದು ಮಾಡುವುದೇ ಒಂದು ಬೇರೆ ಕಸುಬು. ಉಜ್ಜಿ, ತೊಳೆದು, ಮಣ್ಣು ಹಚ್ಚಿ, ಮೇಣ ತಿಕ್ಕಿ, ಹತ್ತು ವರ್ಷದ ನಡಿಗೆಯನ್ನು ಎರಡು ದಿನದಲ್ಲಿ ತರುತ್ತಾರೆ. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಕಾಸ್ಟ್ಯೂಮ್ ಡಿಸೈನರ್ ಮಿಷೆಲ್ ಕ್ಲ್ಯಾಪ್ಟನ್ 2016ರಲ್ಲಿ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿ ಮಾತಾಡುತ್ತಾ, ಆ ಕಥೆಯಲ್ಲಿ ಹಿಮದ ಗೋಡೆ ಕಾಯುವ ಪಡೆಯವರ ಮೇಲಂಗಿಗಳು ಐಕಿಯಾ ಅಂಗಡಿಯ ನೆಲಹಾಸುಗಳು ಅಂದರು. ಎಲ್ಲರೂ ನಕ್ಕು ಹಂಚಿಕೊಂಡರು. ಆದರೆ ಅದನ್ನು ಕತ್ತರಿಸಿ, ಬೋಳಿಸಿ, ತೊಗಲ ಪಟ್ಟಿ ಸೇರಿಸಿ, ಹಿಮದಲ್ಲಿ ವರ್ಷಗಟ್ಟಲೆ ಮಲಗಿದವನ ಹೊದಿಕೆಯಂತೆ ಮಾಡಿದ ಕೈಗಳ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಜಗಳ ಇರುವುದು ಇಲ್ಲಿ. ಚೀಟಿಯಲ್ಲಿ ನಟನ ಹೆಸರು ಇರುತ್ತದೆ, ಡಿಸೈನರ್ ಹೆಸರು ಇದ್ದರೆ ಪುಣ್ಯ. ಕತ್ತರಿಸಿದವರು, ಬಣ್ಣ ಹಾಕಿದವರು, ಹಳೆಯದು ಮಾಡಿದವರು ಎಲ್ಲಿ?

ಇನ್ನೊಂದು ಹೇಳಿ ಮುಗಿಸುತ್ತೇನೆ. ಅದೇ ವೇಟಾದವರು ರಾಜ ಥಿಯೋಡೆನ್ ಪಾತ್ರಕ್ಕೆ ಮಾಡಿದ ಎದೆಗವಚದ ಒಳಭಾಗದಲ್ಲೂ ತೊಗಲಿನ ಮೇಲೆ ಅಲಂಕಾರ ಮಾಡಿದ್ದರು. ಹೊರಗೆ ಅಲ್ಲ, ಒಳಗೆ. ಕ್ಯಾಮೆರಾಕ್ಕೆ ಎಂದೂ ಕಾಣದ ಜಾಗ. ಅದನ್ನು ತೊಟ್ಟ ನಟ ಬರ್ನಾರ್ಡ್ ಹಿಲ್ ಆಮೇಲೆ ಇದನ್ನು ನೆನೆದು ಹೇಳಿದ್ದಾರೆ. ಅದನ್ನು ಪರದೆಯ ಮೇಲೆ ನೂರು ಸಲ ನೋಡಿದರೂ ಕಾಣುವುದಿಲ್ಲ. ಮ್ಯೂಸಿಯಂನವರು ಕವಚವನ್ನು ಒಂದು ಸಲ ತಿರುಗಿಸಿ ಇಟ್ಟರೆ ಕಾಣುತ್ತದೆ.

ಮೂರನೇಸಾಲು:
ಎಲ್ಲರಿಗೂ ಥ್ಯಾಂಕ್ಸ್. ಅರ್ಧ ಮನಸ್ಸು ಬದಲಾಗಿದೆ, ಅರ್ಧ ಇನ್ನೂ ಅಲ್ಲೇ ಇದೆ. "ರಬ್ಬರ್, ಬಣ್ಣ" ಅಂತ ಬರೆದು ಸುಮ್ಮನಾಗುವುದು ಸರಿಯಲ್ಲ ಅಂತ ಈಗಲೂ ಅನ್ನುತ್ತೇನೆ. ಯಾಕೆ ರಬ್ಬರ್, ಯಾರು ಅಚ್ಚು ಹಾಕಿದರು, ಯಾವ ದೃಶ್ಯದಲ್ಲಿ ಬಂತು, ಇಷ್ಟು ಬರೆಯಲು ಎರಡು ಸಾಲು ಜಾಸ್ತಿ ಬೇಕು ಅಷ್ಟೇ ಅಲ್ವಾ? ಮ್ಯೂಸಿಯಂಗೆ ಒಂದು ಪತ್ರ ಬರೆಯುತ್ತೇನೆ.

ಶನಿವಾರ ಮತ್ತೆ ಹೋಗುತ್ತಿದ್ದೇನೆ. ಈ ಸಲ ಅಣ್ಣನೂ ಬರುತ್ತಾನೆ. ಆ ಸೀಳನ್ನು ಅವನಿಗೆ ತೋರಿಸಬೇಕು.

ಬೆಳಕುಕೋಣೆ:
ಒಳಗೆ ಹೋದ ತಕ್ಷಣ ಕತ್ತಿಯ ಹತ್ತಿರ ಹೋಗಬೇಡಿ. ಹತ್ತು ನಿಮಿಷ ಬೇರೆ ಕಡೆ ಓಡಾಡಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಮೊಬೈಲ್ ಜೇಬಿನಲ್ಲೇ ಇರಲಿ, ಅದರ ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿನಿಂದ ಶುರು. ಆಮೇಲೆ ರಾಣಿಯ ಕಸೂತಿಯನ್ನು ಎದುರಿನಿಂದ ನೋಡದೆ ಪಕ್ಕದಿಂದ ನೋಡಿ. ದಾರದ ಎತ್ತರ ತಗ್ಗು ಆಗ ಕಾಣುತ್ತದೆ.

ನೇರನುಡಿ:
ಅಲ್ಲಿ ಕಿರೀಟ ಇದ್ದರೆ ಅದರ ಚೀಟಿಯಲ್ಲಿ ಏನು ಬರೆದಿದೆ ಅಂತ ನನಗೋಸ್ಕರ ಓದಿಕೊಂಡು ಬನ್ನಿ.