ಹಿಂದಿನ ಟೈರ್ ನಡುವಷ್ಟೇ ಸವದೇತಿ, ಬದಲಸಬೇಕೇನ್ರಿ?

ಪ್ರಶ್ನೆ (ಹಿಂಜವಡಿ, ಪುಣೆ): ನಮಸ್ಕಾರ ಅಣ್ಣಾರ. ನಂದು 150 ಸಿಸಿ ಗಾಡಿ. ತಿಂಗಳಿಗೊಮ್ಮೆ ಬೆಳಗಾವಿಗೆ ಅದರ ಮ್ಯಾಲೇ ಹೋಗಿ ಬರ್ತೀನಿ. ಹಿಂದಿನ ಟೈರ್ 15,000 ಕಿ.ಮೀ. ಓಡೇತಿ. ನಡುವ ಬಟನ್ (ರಬ್ಬರಿನ ಉಬ್ಬು) ಹೋಗಿ ಚಪ್ಪಟಿ ಆಗೇತಿ, ಅಂಚಿಗೆ ಮಾತ್ರ ಹೊಸಾದ್ರಂಗ ಐತಿ. ಹೈವೇದಾಗ ಏನೂ ಗೊತ್ತಾಗೂದಿಲ್ಲ. ಹ್ವಾದ ರವಿವಾರ ತಾಮ್ಹಿಣಿ ಘಾಟಿನ ತಿರುವಿನ್ಯಾಗ ಗಾಡಿ ಮೊದಲ ಬಾಗಾಕ ಒಲ್ಲೆ ಅಂತು, ಆಮ್ಯಾಲೆ ಒಮ್ಮೆಲೆ ವಾಲಿತು. ಒಬ್ಬ ಅಂಗಡಿಯಾಂವ ‘ಇನ್ನೂ ನಡೀತೈತಿ’ ಅಂದ, ಇನ್ನೊಬ್ಬ ಎರಡೂ ಬದಲಸು ಅಂದ. ಮೈಲೇಜ್ ಬರ್ಲಿ ಅಂತ ಹಿಂದಿನ ಗಾಲಿಗೆ 40 ಗಾಳಿ ಹಾಕಸ್ತೀನಿ.

ಉತ್ತರ (ಮೆಕ್ಯಾನಿಕ್, ಪಿಂಪರಿ): ತಮ್ಮಾ, ಕಡೀ ಸಾಲಿನ್ಯಾಗ ಉತ್ತರಾನೂ ನೀನ ಬರದೀ! ಗಾಳಿ ಹೆಚ್ಚಾದ್ರ ಟೈರಿನ ಹೊಟ್ಟಿ ಉಬ್ಬಿ ನಡುಭಾಗ ಅಷ್ಟ ರಸ್ತೆಗೆ ತಾಕ್ತೈತಿ. ಅದರಾಗ ಬೆಳಗಾವಿ ತನಕ ಸುಮಾರು 340 ಕಿ.ಮೀ., ಬಹಳಷ್ಟು ನೆಟ್ಟಗಿನ ರಸ್ತಾ. ಎಂಜಿನ್ ಎಳೆಯೂದೂ ಹಿಂದಿನ ಗಾಲಿನ. ನಡು ಸವೆಯಲಾರದ ಏನ್ ಮಾಡ್ತೈತಿ?

ದುಂಡಗಿದ್ದ ಟೈರ್ ಚಪ್ಪಟಿ ಆದ್ರ ಅಂಚಿಗೆ ಒಂದು ಮೂಲಿ ಹುಟ್ಟತೈತಿ. ನೀ ಬಾಗಿಸಿದಾಗ ಗಾಡಿ ಆ ಮೂಲಿ ದಾಟಬೇಕು. ದಾಟೂ ತನಕ ಜಗ್ಗಾಡತೈತಿ, ದಾಟಿದ ಮ್ಯಾಲೆ ಬೀಳ್ತೈತಿ. ನಿನಗ ಘಾಟಿನ್ಯಾಗ ಆದದ್ದು ಅದ. ಅಂಚಿನ ಬಟನ್ ನೋಡಿ ‘ನಡೀತೈತಿ’ ಅಂದಾಂವ ಮಳಿಯಾಗ ಬ್ರೇಕ್ ಹಾಕಿ ನೋಡ್ಲಿ. ನೆಟ್ಟಗ ಹೋಗುವಾಗ ನೀರು ಹೊರಗ ಹಾಕೂದು ನಡುವಿನ ಬಟನ್.

ಹಿಂದಿಂದು ಬದಲಸು. ಮುಂದಿಂದು ಸಮ ಸವದಿದ್ರ, ಸೀಳಿರದಿದ್ರ, ಗೀರಿನ ತಳದಾಗ ಸವಕಳಿ ತೋರಸೂ ಸಣ್ಣ ದಿಂಡಿನ ಮಟ್ಟಕ್ಕ ಸವದಿರದಿದ್ರ ಇರ್ಲಿ. ಗಾಳಿ ಗಾಡಿ ಮ್ಯಾಲಿನ ಸ್ಟಿಕ್ಕರ್ ಹೇಳಿದಷ್ಟ, ಅದೂ ಟೈರ್ ತಣ್ಣಗಿದ್ದಾಗ.

ಪ್ರಶ್ನೆ (ಠಾಣೆ): ಅಣ್ಣಾ, ನಾನು ಉಡುಪಿಯವಳು. ಮುಂದಿನ ಟೈರ್ ಹೊಸದು ಹಾಕಿಸಿದೆ. ಉದ್ದುದ್ದ ಗೆರೆ ಕೊರೆದ ಕಾಂಕ್ರೀಟ್ ರಸ್ತೆಯಲ್ಲಿ ಹ್ಯಾಂಡಲ್ ಅತ್ತಿತ್ತ ತೂಗಾಡುತ್ತದೆ. ಮಳೆಯಲ್ಲಿ ಪೇವರ್ ಬ್ಲಾಕ್ ಮೇಲೆ ಜಾರಿತು ಕೂಡ. ಟೈರೇ ಸರಿ ಇಲ್ಲವೇ?

ಉತ್ತರ: ಇಲ್ರೀ ಅಕ್ಕಾರ. ಮುಂದಿನ ಟೈರಿನ ನಡುವ ಉದ್ದ ಗೀರಿದ್ರ ಅದು ರಸ್ತೆಯ ಗೆರಿ ಹಿಡಕೊಂಡು ಹೊಂಟಂಗ ಆಗ್ತೈತಿ. ಹ್ಯಾಂಡಲ್ ಬಿಗಿಯಾಗಿ ಹಿಡೀಬ್ಯಾಡ್ರಿ, ಕೈ ಸಡಲ ಬಿಡ್ರಿ. ಡಾಂಬರಿನ ಮ್ಯಾಲೂ ತೂಗಾಡಿದ್ರ ಮಾತ್ರ ಕೋನ್ ಸೆಟ್ (ಹ್ಯಾಂಡಲ್ ತಿರುಗೂ ಬೇರಿಂಗ್) ತೋರಸ್ರಿ.

ಸವದು ನುಣುಪಾದ ಬ್ಲಾಕು ತೊಯ್ದ್ರ ಯಾವ ಬಟನ್ನೂ ಉಪಯೋಗಿಲ್ಲ. ರಸ್ತೆ ಕೆಲಸದಾಗ ಹಾಸಿದ ಕಬ್ಬಿಣದ ತಗಡೂ ಅಷ್ಟ. ಗಾಡಿ ನೆಟ್ಟಗಿಟ್ಟು, ಬ್ರೇಕ್ ಮುಟ್ಟಲಾರದ ದಾಟ್ರಿ. ಹೊಸಾ ಟೈರಿನ ಮೈ ಮೊದಲ ನೂರಿನ್ನೂರು ಕಿಲೋಮೀಟರ್ ಜಾರತೈತಿ, ಅಲ್ಲೀ ತನಕ ಬಾಳ ಬಾಗಿಸಬ್ಯಾಡ್ರಿ. ತೊಳಿಯೂ ಹುಡುಗ್ರು ಟೈರಿಗೆ ಕರೀ ಪಾಲಿಶ್ ಬಡೀತಾರ, ಅದನ್ನಂತೂ ಬ್ಯಾಡಾ ಅನ್ರಿ! ಮಿಂಚತೈತಿ, ಕಾಲೂ ಮುರೀತೈತಿ.

ಹಿಂಜವಡಿ: ಅಣ್ಣಾರ, ಟೈರ್ ಹಾಕಿಸಿದೆ. ಅರ್ಧಾ ರೇಟಿಗೆ ಕೊಟ್ಟ! ಪಕ್ಕದ ಗ್ವಾಡಿ ಮ್ಯಾಲೆ 1819 ಅಂತ ಐತಿ, ಏನದು?

ಉತ್ತರ: 2019ನೇ ಇಸವಿ, 18ನೇ ವಾರದ ಮಾಲು. ರಬ್ಬರ್ ಕುಂತಲ್ಲೇ ಗಟ್ಟಿ ಆಗಿರ್ತೈತಿ. ಬಿಲ್ ಐತಿಲ್ಲೋ? ಇವತ್ತ ಹೋಗಿ ವಾಪಸ್ ಕೊಟ್ಟು ಬಾ.