ಶಟ್‌ಡೌನ್ ಕೆಲಸಕ್ಕೆ ಹೊರಟ ತಮ್ಮನಿಗೆ ಟ್ರಿಟಿಯಂ ಬಗ್ಗೆ ಏನು ಹೇಳಲಿ?

ಹಳೇ ಹುಬ್ಬಳ್ಳಿಯ ಅಕ್ಕ: ತಮ್ಮ ಫಿಟ್ಟರ್. ಗುತ್ತಿಗೆದಾರರ ಕಡೆಯಿಂದ ಎರಡು ತಿಂಗಳು ಭಾರಜಲದ ಅಣು ಸ್ಥಾವರ ನಿಲ್ಲಿಸಿ ಮಾಡುವ ರಿಪೇರಿಗೆ, ಅಂದರೆ ಶಟ್‌ಡೌನ್‌ಗೆ, ಹೊರಟಿದ್ದಾನೆ. ಅಲ್ಲಿನ ಭಾರಜಲದಲ್ಲಿ ಟ್ರಿಟಿಯಂ ಅನ್ನುವ ವಿಕಿರಣ ವಸ್ತು ಇರುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಮಾಡಿ ಬಂದವರು ಹೇಳಿ.

ಬೆಟಗೇರಿ ವೆಲ್ಡರ್: ಅಕ್ಕಾರ, ನಾನು ಆರು ಶಟ್‌ಡೌನ್ ಮಾಡಿದ್ದೇನೆ. ಗಾಳಿ ಪೈಪಿನ ಪ್ಲಾಸ್ಟಿಕ್ ಸೂಟ್ ಇಲ್ಲದೆ ಮಾಡರೇಟರ್ ಪಂಪಿನ (ರಿಯಾಕ್ಟರಿನ ಭಾರಜಲ ಓಡಿಸುವ ಪಂಪು) ಹತ್ತಿರ ಒಂದು ದಿನವೂ ಹೋಗಿಲ್ಲ. ಬೆವರು ಬೂಟಿನೊಳಗೆ ಇಳಿಯುತ್ತದೆ. ಎರಡೆರಡು ಗ್ಲೌಸ್ ಹಾಕಿ ನಟ್ ಹಿಡಿಯಲು ಬರುವುದಿಲ್ಲ. ಹತ್ತು ನಿಮಿಷದ ಗ್ಯಾಸ್ಕೆಟ್ ಕೆಲಸಕ್ಕೆ ಮುಕ್ಕಾಲು ಗಂಟೆ. ಸೂಪರ್‌ವೈಸರ್ ಬೈದ. ಬೈಯಲಿ ಅಂದೆ. ನನ್ನ ಮೂತ್ರದ ಸ್ಯಾಂಪಲ್‌ನಲ್ಲಿ ಟ್ರಿಟಿಯಂ ಯಾವತ್ತೂ ಏರಲಿಲ್ಲ.

ಬ್ಯಾಡಗಿಯವ: ಸೂಟ್ ಸಿಕ್ಕವರ ಮಾತು ಇದು. ನನಗೆ ಹೇಳಿದ್ದು, "ಐದು ನಿಮಿಷದ ಕೆಲಸ, ಮಾಸ್ಕ್ ಸಾಕು." ಫ್ಲ್ಯಾಂಜ್ ಬಿಚ್ಚಿದೆ, ಮೊಣಕೈ ಮೇಲೆ ಭಾರಜಲ ಚೆಲ್ಲಿತು. ವಾಸನೆ ಇಲ್ಲ, ಉರಿ ಇಲ್ಲ. ಮರುದಿನ ಮೂತ್ರದ ಸ್ಯಾಂಪಲ್ ಏರಿತ್ತು. ಒಳಗೆ ಹೋಗುವುದು ಬಂದ್. 23 ದಿನ ಸುಮ್ನೆ ರೂಮಿನಲ್ಲಿ ಕೂತೆ. ದಿನಕ್ಕೆ 650ರಂತೆ 14,950 ರೂಪಾಯಿ ಕೂಲಿ ಹೋಯಿತು. ಮೆಸ್ಸಿಗೆ 2,760 ಕೈಯಿಂದ ಕೊಟ್ಟೆ. ಮೆಣಸಿನಕಾಯಿ ಸೀಸನ್ ಬಿಟ್ಟು ಹೋಗಿದ್ದೆ ರೀ.

ಧಾರವಾಡದ ನಿವೃತ್ತ ಟೆಕ್ನಿಷಿಯನ್: ಮಾಸ್ಕ್ ಸಾಕು ಅಂದವರು ತಪ್ಪು ಹೇಳಿದ್ದಾರೆ. ಟ್ರಿಟಿಯಂ ಇರುವ ಭಾರಜಲದ ಆವಿ ಉಸಿರಿನಿಂದ ಎರಡು ಪಾಲು ಹೋದರೆ ಚರ್ಮದಿಂದ ಹೆಚ್ಚು ಕಡಿಮೆ ಒಂದು ಪಾಲು ಒಳಗೆ ಹೋಗುತ್ತದೆ. ಟ್ರಿಟಿಯಂನ ಬೀಟಾ ಕಿರಣಕ್ಕೆ ಶಕ್ತಿ ತೀರಾ ಕಡಿಮೆ. ಎದೆ ಮೇಲಿನ, ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜಿಗೆ ಗೊತ್ತೇ ಆಗುವುದಿಲ್ಲ. ನನ್ನ ಜೊತೆಯವರು ಬ್ಯಾಡ್ಜ್ ನೋಡಿ ನಿಶ್ಚಿಂತೆಯಿಂದ ಇದ್ದರು, ನಾನು ಸ್ಯಾಂಪಲ್ ಒಂದೂ ತಪ್ಪಿಸಲಿಲ್ಲ. ಟ್ರಿಟಿಯಂನ ಅರ್ಧಾಯುಷ್ಯ, ಅಂದರೆ ತಾನಾಗಿ ಅರ್ಧಕ್ಕೆ ಇಳಿಯುವ ಕಾಲ, 12.3 ವರ್ಷ. ಆದರೆ ಮೈಯಿಂದ ಅರ್ಧದಷ್ಟು ಸುಮಾರು 10 ದಿನಕ್ಕೆ ಹೊರಗೆ ಹೋಗುತ್ತದೆ. ನೀರು ಜಾಸ್ತಿ ಕುಡಿದರೆ ಇನ್ನೂ ಬೇಗ. ನಾನು ಮಜ್ಜಿಗೆ ತಂಬಿಗೆಗಟ್ಟಲೆ ಕುಡಿಯುತ್ತಿದ್ದೆ.

ಬ್ಯಾಡಗಿಯವ: ಸರ್, ನೀರು ನಾನೂ ಕುಡಿದೆ. ಹೋದ ಕೂಲಿ ಯಾರು ಕೊಡುತ್ತಾರೆ?

ಬೆಟಗೇರಿ ವೆಲ್ಡರ್: ಪೈಪ್‌ಲೈನ್ ಖಾಲಿ ಮಾಡಿದ್ದಾರಾ ಅಂತ ಪರ್ಮಿಟ್‌ನಲ್ಲಿ (ಕೆಲಸದ ಅನುಮತಿ ಚೀಟಿ) ನೋಡಬೇಕಿತ್ತು ಅಲ್ವಾ? ಓದದೆ ಸಹಿ ಹಾಕಿ ಈಗ ಅತ್ತರೆ?

ಬ್ಯಾಡಗಿಯವ: ಪರ್ಮಿಟ್ ಇಂಗ್ಲಿಷಿನಲ್ಲಿತ್ತು. ನಾನು ಏಳನೇ ಕ್ಲಾಸು. ನೀವು ಓದಿ ಹೇಳಿದ್ದಿರಾ?

ಗದಗದ ಐಟಿಐ ಹುಡುಗ: ಕನ್ನಡದಲ್ಲಿ ಕೊಡಿ ಅಂತ ನಾವು ಕೇಳಿದ್ದೆವು. ಮುಂದಿನ ಸಲ ನಮ್ಮ ಗ್ಯಾಂಗನ್ನೇ ಕರೆಯಲಿಲ್ಲ.

ಬೆಟಗೇರಿ ವೆಲ್ಡರ್: ನಿಮಗೆ ಕೆಲಸ ಗೊತ್ತಿದ್ದರೆ ಕರೆಯುತ್ತಿದ್ದರು.

ಗದಗದ ಐಟಿಐ ಹುಡುಗ: ನಾಲಿಗೆ ಬಿಗಿ ಹಿಡಿದು ಮಾತಾಡಿ, ಅಣ್ಣಾ.

ಹಳೇ ಹುಬ್ಬಳ್ಳಿಯ ಅಕ್ಕ: ಜಗಳ ಬಿಡ್ರೀ. ನಾಳೆ ರಾತ್ರಿ ಬಸ್ಸು. ಪರ್ಮಿಟ್ ಓದಿ ಹೇಳಿ ಅಂತ ಅವನು ಯಾರನ್ನು ಕೇಳಬೇಕು?

ಬ್ಯಾಡಗಿಯವ: ಹೆಲ್ತ್ ಫಿಜಿಕ್ಸ್‌ನವರನ್ನು, ಅಂದರೆ ಸ್ಥಾವರದ ವಿಕಿರಣ ಸುರಕ್ಷತೆ ನೋಡುವವರನ್ನು, ಕೇಳಲಿ ಅಕ್ಕಾರ. ಗುತ್ತಿಗೆದಾರನನ್ನಲ್ಲ.